ವಿಡಿಯೊದಲ್ಲಿ ಇಲ್ಲದ ಉಡಿ

ಆ ವಿಡಿಯೊದಲ್ಲಿ ಮಳೆ ಬರುತ್ತದೆ. ಆ ದಿನ ಮಳೆ ಇರಲಿಲ್ಲ.

ಕಳೆದ ವಾರ ಬೇಲಾಪುರದ ಆಫೀಸು ಮುಗಿಸಿ ಥಾಣೆಯ ಲೋಕಲ್ ರೈಲಿನಲ್ಲಿ ಕೂತಿದ್ದೆ. ಪಕ್ಕದ ಹುಡುಗ ಫೋನು ನೋಡುತ್ತಿದ್ದ. ತೆರೆಯ ಮೇಲೆ ಒಂದು ಕಿಟಕಿ, ಗ್ರಿಲ್ಲಿನಿಂದ ತೊಟ್ಟಿಕ್ಕುವ ನೀರು. ಆಮೇಲೆ ಒಂದು ಅಡುಗೆಮನೆ, ಸ್ಟೀಲಿನ ಡಬ್ಬಿಗಳ ಸಾಲು, ಅದರಲ್ಲಿ ನೆಗ್ಗಿಹೋದ ಒಂದು ಡಬ್ಬಿ. ಆ ನೆಗ್ಗು ನನಗೆ ಗೊತ್ತು. ಅದು ನನ್ನ ಅಕ್ಕ ಗಿರಿಜಾಳ ಅಡುಗೆಮನೆ. ಅಕ್ಕ ಒಲೆಯ ಮುಂದೆ ನಿಂತಿದ್ದಾಳೆ, ಕಣ್ಣಲ್ಲಿ ನೀರಿದೆ, ಬಾಯಲ್ಲಿ ಮಾತಿಲ್ಲ. ಕೆಳಗೆ ಹಿಂದಿಯಲ್ಲಿ ದಪ್ಪ ಅಕ್ಷರಗಳು: ಮಗಳನ್ನು ಒಪ್ಪದ ತಾಯಿ.

ನಾನು ಇಣುಕುತ್ತಿದ್ದುದನ್ನು ಹುಡುಗ ನೋಡಿದ. "ಬಹುತ್ ಸ್ಯಾಡ್ ಹೈ ಅಂಕಲ್," ಅಂದ.

"ಬಾರಿಶ್ ಝೂಠ್ ಹೈ," ಅಂದೆ ನಾನು.

ಅವನು ಒಂದು ಕ್ಷಣ ನನ್ನನ್ನು ನೋಡಿ, ಸ್ವಲ್ಪ ಆಚೆ ಸರಿದು ಕೂತ.

ಸುಳ್ಳು ಮಳೆಯ ಬಗ್ಗೆ ಇಷ್ಟು ಖಚಿತವಾಗಿ ಹೇಳಿದೆನಲ್ಲ, ಉಳಿದದ್ದರ ಬಗ್ಗೆ ನನಗೆ ಅಷ್ಟು ಖಾತ್ರಿಯಿಲ್ಲ. ಎರಡು ವರ್ಷದ ಹಿಂದಿನ ಶ್ರಾವಣದಿಂದ ನವರಾತ್ರಿಯವರೆಗೆ ನಡೆದದ್ದು ಅದು. ಆ ತಿಂಗಳುಗಳನ್ನು ನೆನೆಯಲು ಹೋದರೆ ಮೊದಲು ಬರುವುದು ಆ ನಾಲ್ಕು ನಿಮಿಷದ ವಿಡಿಯೊ. ಅದನ್ನು ಪಕ್ಕಕ್ಕೆ ಸರಿಸಿ ಹಿಂದೆ ಕೈ ಹಾಕಬೇಕು. ಕೈಗೆ ಸಿಕ್ಕಿದ್ದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಅಕ್ಕ ಹೇಳಿದ್ದು ಎಂಬುದನ್ನು ಬೇರೆ ಮಾಡುವುದು ಅಕ್ಕಿಯಿಂದ ನುಚ್ಚು ಆರಿಸಿದ ಹಾಗೆ. ಪೂರ್ತಿ ಆಗುವುದೇ ಇಲ್ಲ.

ನಾವು ಗುಳೇದಗುಡ್ಡದವರು. ಭಾವ ಸಂಗಪ್ಪನಿಗೆ ಕಲ್ಯಾಣದಲ್ಲಿ ಇಳಕಲ್ ಸೀರೆ ಮತ್ತು ಖಣದ ಅಂಗಡಿ ಇದೆ. ಖಣ ಅಂದರೆ ನಮ್ಮೂರ ಮಗ್ಗದ ಕುಪ್ಪಸದ ಬಟ್ಟೆ. ಮರಾಠಿ ಹೆಂಗಸರಿಗೂ ಅದು ಬೇಕು, ನಮ್ಮವರಿಗೂ ಬೇಕು. ಮನೆ ಡೊಂಬಿವಲಿ ಪೂರ್ವದಲ್ಲಿ. ಅವರ ಒಬ್ಬಳೇ ಮಗಳು ನೀಲಾ. ಆ ಹೆಸರನ್ನು ಇಟ್ಟುಕೊಂಡದ್ದು ಅವಳೇ. ಹುಟ್ಟಿದಾಗ ಹುಡುಗನೆಂದು ತಿಳಿದು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅವಳು ಬೇಡ ಅಂದಿದ್ದಾಳೆ. ನೀಲವ್ವ ಎಂಬುದು ಭಾವನ ತಾಯಿಯ ಹೆಸರು. ಹುಡುಗಿ ಅಷ್ಟೆಲ್ಲ ಹೆಸರುಗಳ ನಡುವೆ ಸತ್ತುಹೋದ ಅಜ್ಜಿಯ ಹೆಸರನ್ನೇ ಯಾಕೆ ಆರಿಸಿದಳು ಎಂದು ಆಗ ಯಾರೂ ಕೇಳಲಿಲ್ಲ.

ಅದಕ್ಕೂ ಹಿಂದಿನ ದೀಪಾವಳಿಯಲ್ಲಿ ಅವಳು ಅಪ್ಪ ಅಮ್ಮನನ್ನು ಕೂರಿಸಿಕೊಂಡು ತಾನು ಯಾರು ಅಂತ ಹೇಳಿದ್ದಳು. ಭಾವ ಟಿವಿಯ ಸದ್ದು ಹೆಚ್ಚು ಮಾಡಿದರು. ಅಕ್ಕ ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಯಾರೂ ಬೈಯಲಿಲ್ಲ, ಮನೆಯಿಂದ ಹೊರಗೆ ಹಾಕಲಿಲ್ಲ. ಆದರೆ ಆ ದಿನದಿಂದ ಅಕ್ಕ ಮಗಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು. "ಕೂಸು ಉಂಡೈತೇನು?" "ಕೂಸು ಇನ್ನೂ ಬಂದಿಲ್ಲ." ಇಪ್ಪತ್ತು ವರ್ಷದ ಕೂಸು.

ಅಕ್ಕನಿಗೆ ಇಂಥ ಮಕ್ಕಳ ಬಗ್ಗೆ ತಿಳಿದದ್ದು ತೆರೆಯ ಮೇಲಿಂದ. ಅವಳು ಟಿವಿಯನ್ನು ಬಹಳ ಗಮನವಿಟ್ಟು ನೋಡುವವಳು. ಒಂದು ದಿನ ಹಿಟ್ಟು ನಾದುತ್ತಾ ನನ್ನನ್ನು ಕೇಳಿದಳು:

"ತಮ್ಮಾ, ಸೀರಿಯಲ್‌ನಾಗ ಇಂಥವ್ರು ಬಂದ ಕೂಡ್ಲೆ ನಗೂ ಸಪ್ಪಳ ಹಾಕ್ತಾರ. ಸಿನಿಮಾದಾಗ ಬಂದ್ರ ಕಡೀಕ ಸಾಯಿಸ್ತಾರ. ನಗಸಬೇಕು ಇಲ್ಲಾ ಸಾಯಬೇಕು. ನಡುವ ಏನೂ ಇಲ್ಲೇನು? ಮುಂಜಾನೆದ್ದು ಚಾ ಕುಡದು ಕೆಲಸಕ್ಕ ಹೋಗೂದು, ಸಂಜೀಕ ಬರೂದು, ಅಂಥಾದ್ದು ಒಂದೂ ತೋರಸಂಗಿಲ್ಲಲ್ಲ?"

ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ನಾವು ಚಿಕ್ಕವರಿದ್ದಾಗ ಎಲ್ಲಮ್ಮನ ಜೋಗಪ್ಪಗಳು ತಲೆಯ ಮೇಲೆ ದೇವಿಯ ಬುಟ್ಟಿ ಹೊತ್ತು ಮನೆ ಬಾಗಿಲಿಗೆ ಬರುತ್ತಿದ್ದರು. ಗಂಡಾಗಿ ಹುಟ್ಟಿ ಸೀರೆ ಉಟ್ಟ ಅವರ ಕಾಲಿಗೆ ಅವ್ವ ನೀರು ಹಾಕಿ, ಬುಟ್ಟಿ ತುಂಬಿ ಕಳಿಸುತ್ತಿದ್ದಳು. ಅದನ್ನು ನೆನಪಿಸಿದೆ. "ಅವ್ವಗ ಇದೆಲ್ಲ ಹೊಸಾದಾಗಿರಲಿಲ್ಲ, ನಿನಗ ಯಾಕ?" ಅಂದೆ.

ಅಕ್ಕ ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ಅದು ಬಾಗಲಕ್ಕ ಬಂದ ದೇವ್ರು. ತುಂಬಿ ಕಳಿಸಿದ್ರ ಆತು. ಇದು ಒಳಗ ಮಲಗಿದ್ದ ಕೂಸು."

ಶ್ರಾವಣ ಬಂತು. ಡೊಂಬಿವಲಿಯಲ್ಲಿ ಶ್ರಾವಣವೆಂದರೆ ಜಿನಗು ಮಳೆ, ಪ್ಲಾಟ್‌ಫಾರ್ಮಿನ ತುಂಬ ಒದ್ದೆ ಕೊಡೆ, ಶುಕ್ರವಾರ ಅಕ್ಕನ ಮನೆಯಲ್ಲಿ ಉಡಿ ತುಂಬುವುದು. ಸೊಸೈಟಿಯ ನಮ್ಮ ಕಡೆಯ ಹೆಂಗಸರು, ಹುಡುಗಿಯರು ಸಾಲಾಗಿ ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರುತ್ತಾರೆ. ಅವರು ಚಾಚಿದ ಸೆರಗಿನಲ್ಲಿ ಅಕ್ಕ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಖಣ ಇಡುತ್ತಾಳೆ. ತುಂಬಿದ ಉಡಿಯನ್ನು ಯಾರೂ ಅಲ್ಲೇ ಸುರಿಯುವುದಿಲ್ಲ, ಹಾಗೇ ಹಿಡಿದುಕೊಂಡು ಮನೆಗೆ ಹೋಗಿ ಆ ಅಕ್ಕಿಯ ಅನ್ನ ಮಾಡಬೇಕು. ನಮ್ಮ ಮನೆತನದಲ್ಲಿ ಹುಡುಗಿ ದೊಡ್ಡವಳಾದಾಗ ಮೊದಲ ಉಡಿ. ಅದನ್ನು ತಾಯಿ ತುಂಬುತ್ತಾಳೆ. ಆಮೇಲೆ ಎಲ್ಲಿಗೆ ಹೊರಟರೂ ತವರಿನಿಂದ ಬರಿ ಉಡಿಯಲ್ಲಿ ಹೋಗುವ ಹಾಗಿಲ್ಲ.

ಉಡಿ ತುಂಬಿದ ಮರುದಿನ, ಶನಿವಾರ, ನೀಲಾ ಖಾರಘರದ ತನ್ನ ಪಿಜಿಗೆ ಹೊರಟಿದ್ದಳು, ಅಲ್ಲಿಯೇ ಕಾಲೇಜು. ನಾನೂ ಥಾಣೆಯವರೆಗೆ ಜೊತೆಗಿದ್ದೆ. ಪ್ಲಾಟ್‌ಫಾರ್ಮಿನ ಅಂಗಡಿಯಲ್ಲಿ ವಡಾಪಾವ್ ತಿನ್ನುತ್ತಾ ಅವಳು ಹೇಳಿದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಆಡುವಾಗ ಹಿಂದಿ ಬೆರೆಯುತ್ತದೆ.

"ಮಾಮಾ, ನಿನ್ನೆ ಮಮ್ಮಿ ಎಲ್ಲಾ ಹುಡುಗಿಯರಿಗೂ ಉಡಿ ತುಂಬಿದಳು. ನಾರಿಯಲ್ ಕಿಸ್ನೇ ಛೀಲಾ? ಮೈನೇ."

ತೆಂಗಿನಕಾಯಿ ಸುಲಿದವಳು ಅವಳು. ಅಕ್ಕಿ ಆರಿಸಿದವಳೂ ಅವಳೇ. ಕೊನೆಯ ಹುಡುಗಿ ಎದ್ದು ಹೋಗುವವರೆಗೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳಂತೆ. ಅಕ್ಕ ಮಣೆ ತೆಗೆದು ಗೋಡೆಗೆ ಒರಗಿಸಿದಳಂತೆ.

ನಾನು ಮತ್ತೆ ಅದೇ ಜೋಗಪ್ಪಗಳ ಪುರಾಣ ತೆಗೆದೆ. ಅವಳು ಪೂರ್ತಿ ಕೇಳಿಸಿಕೊಂಡು, ಕಾಗದದಲ್ಲಿ ಕೈ ಒರೆಸಿಕೊಂಡು, "ಮುಝೆ ದೇವೀ ನಹೀ ಬನ್ನಾ, ಮಾಮಾ," ಅಂದಳು. ದೇವಿಯಾಗುವುದು ತನಗೆ ಬೇಡ ಎಂದು. ಗಾಡಿ ಬಂತು. ಲೇಡೀಸ್ ಡಬ್ಬಿಯ ಮುಂದೆ ಮುಖಕ್ಕೆ ಮಾಸ್ಕ್ ಏರಿಸಿಕೊಂಡು, ಕೊನೆಯವಳಾಗಿ ಹತ್ತಿ ಬಾಗಿಲ ಬಳಿಯೇ ನಿಂತಳು. ಒಳಗೆ ಸೀಟು ಖಾಲಿಯಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಫೀಸಿನ ಗೆಳೆಯನೊಬ್ಬನ ಮಗಳು ರುಚಾ, ಇಂಟರ್‌ನೆಟ್ಟಿನಲ್ಲಿ ಸಣ್ಣ ಸಣ್ಣ ವಿಡಿಯೊ ಹಾಕುವ ಒಂದು ಚಾನೆಲ್ಲಿನಲ್ಲಿ ಕೆಲಸ ಮಾಡುತ್ತಿದ್ದಳು. ನೀಲಾಳಂಥ ಹುಡುಗ ಹುಡುಗಿಯರ ಮನೆಯವರ ಬಗ್ಗೆ ಒಂದು ಸರಣಿ ಮಾಡುತ್ತಿದ್ದೇವೆ ಅಂದಳು. ಚಹಾ ಕುಡಿದು ಕೆಲಸಕ್ಕೆ ಹೋಗುವವರನ್ನು ಯಾರೂ ತೋರಿಸುವುದಿಲ್ಲ ಎಂಬ ಅಕ್ಕನ ಮಾತು ನನ್ನ ಕಿವಿಯಲ್ಲಿತ್ತು. ಇವಳಾದರೂ ತೋರಿಸಲಿ ಅಂದುಕೊಂಡೆ. ನಿಜ ಹೇಳಬೇಕೆಂದರೆ ಇನ್ನೊಂದು ಲೆಕ್ಕಾಚಾರವೂ ಇತ್ತು. ಕ್ಯಾಮೆರಾ ಎದುರಿಗಿದ್ದರೆ ಅಕ್ಕ ಇಲ್ಲವೆನ್ನಲಾರಳು, ಮಣೆ ಹಾಕುತ್ತಾಳೆ ಎಂದು. ರುಚಾಳಿಗೆ ಉಡಿಯ ವಿಷಯ ಹೇಳಿದ್ದೆ, ನೀಲಾಳಿಗೂ ಅಷ್ಟನ್ನು ಪಿಸುಗುಟ್ಟಿಬಿಟ್ಟಿದ್ದೆ. ಚಿತ್ರೀಕರಣದ ದಿನ ಅವಳು ಜಡೆ ಹಾಕಿಕೊಂಡು ಬಂದಳು.

ಭಾದ್ರಪದದ ಒಂದು ಭಾನುವಾರ. ಬಿಸಿಲಿತ್ತು. ಖಾತ್ರಿಯಾಗಿ ಹೇಳಬಲ್ಲೆ, ಯಾಕೆಂದರೆ ಬಾಲ್ಕನಿಯಲ್ಲಿ ಒಣಹಾಕಿದ್ದ ಭಾವನ ಅಂಗಿಗಳು ಚಿತ್ರದಲ್ಲಿ ಬರುತ್ತವೆಂದು ರುಚಾ ತೆಗೆಸಿದಳು, ಅವು ಗರಿಗರಿಯಾಗಿದ್ದವು. ಅಕ್ಕ ಬಂದವರಿಗೆಂದು ಶೇಂಗಾ ಹೋಳಿಗೆ ಮಾಡಿದ್ದಳು. ಅಡುಗೆ ಮಾಡುತ್ತಲೇ ಮಾತಾಡಿ ಅಂದಳು ರುಚಾ; ಅಕ್ಕ ಎಣ್ಣೆಗೆ ಒಣಮೆಣಸಿನಕಾಯಿ ಹಾಕಿದಳು. ಎಲ್ಲರೂ ಕೆಮ್ಮಿದರು, ರುಚಾಳ ಕಣ್ಣಿನಲ್ಲೂ ಧಾರಾಕಾರ ನೀರು. ವಿಡಿಯೊದಲ್ಲಿ ಉಳಿದದ್ದು ಅಕ್ಕನ ಕಣ್ಣೀರು ಮಾತ್ರ.

"ಕಾಕೂ," ಅಂದಳು ರುಚಾ ಮರಾಠಿಯಲ್ಲಿ, ಬಹಳ ಮೆತ್ತಗೆ, "ನೀಲಾಳ ಓಟಿ ಭರಾ ನಾ. ಒಂದೇ ಸಲ, ಕ್ಯಾಮೆರಾಕ್ಕೆ. ಸರಿ ಬರದಿದ್ದರೆ ಇನ್ನೊಂದು ಟೇಕ್ ತಗೊಳ್ಳೋಣ."

ಓಟಿ ಅಂದರೆ ಅವರ ಉಡಿ. ಅಕ್ಕ ಮಾತಾಡಲಿಲ್ಲ. ಒಗ್ಗರಣೆ ಕಪ್ಪಾಗುತ್ತಿತ್ತು. ಆ ಮೌನ ವಿಡಿಯೊದಲ್ಲಿ ಹನ್ನೊಂದು ಸೆಕೆಂಡು ಇದೆ. ಎಷ್ಟೋ ಸಲ ಅಳೆದಿದ್ದೇನೆ. ನನ್ನ ನೆನಪಿನಲ್ಲಿ ಅದಕ್ಕಿಂತ ಬಹಳ ಉದ್ದವಿದೆ. ಅದರ ನಡುವೆಯೇ ನೀಲಾ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ನಾನು ಓಡಿದೆ. ಅವಳ ರಿಕ್ಷಾ ಗೇಟು ದಾಟಿತ್ತು.

ತಿರುಗಿ ಬಂದಾಗ ಅಕ್ಕ ಒಲೆ ಆರಿಸಿ ನನಗಾಗಿಯೇ ಕಾಯುತ್ತಿದ್ದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ.

"ಇನ್ನೊಂದು ಟೇಕ ಅಂತ. ತುಂಬಿದ ಉಡಿ ಸುರುವಿ ಮತ್ತ ತುಂಬ್ತಾರೇನು? ಮದಲನೇ ಉಡಿಗೆ ಸೋದರಮಾವ ಖಣ ತರಬೇಕು. ನೀ ಏನ್ ತಂದಿ?"

ನಾನು ತಂದದ್ದು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ, ಕೆಂಪು ದೀಪ ಹೊತ್ತಿಸಿಕೊಂಡು ನಿಂತಿತ್ತು. ಅಂದರೆ ಆ ಮಾತೂ ದಾಖಲಾಗಿತ್ತು. ವಿಡಿಯೊದಲ್ಲಿ ಅದು ಯಾಕಿಲ್ಲ ಎಂದು ಆಮೇಲೆ ರುಚಾಳನ್ನು ಕೇಳಿದೆ. ಕೆಟ್ಟ ಹುಡುಗಿಯಲ್ಲ ಅವಳು, ನಿಜವಾಗಿಯೂ ನೊಂದಳು. ಸಂಕಲನ ಮಾಡಿದವರು ಬೇರೆ, ಕನ್ನಡ ಅವರಿಗೆ ತಿಳಿಯಲಿಲ್ಲ, ಕ್ಯಾಮೆರಾದ ಕಾರ್ಡು ಅಳಿಸಿ ಬೇರೆಯದಕ್ಕೆ ಬಳಸಿಯಾಗಿದೆ ಅಂದಳು. ಮಳೆ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, "ಸ್ಟಾಕ್‌ನಲ್ಲಿ ಇತ್ತು ಅಂಕಲ್," ಅಂದಳು, ಎಲ್ಲಿಗೆ ಬೇಕಾದರೂ ಹಚ್ಚಲು ಮೊದಲೇ ತೆಗೆದಿಟ್ಟ ಮಳೆ.

ವಿಡಿಯೊ ಬಂದ ಮೇಲೆ ಗುರುತಿಲ್ಲದ ಊರಿನ ಜನ ಅಕ್ಕನಿಗೆ ಶಾಪ ಹಾಕಿದರು. ಕಲ್ಲು ಅಂದರು, ತಾಯಿಯಾಗಲು ಯೋಗ್ಯಳಲ್ಲ ಅಂದರು. ಕೆಲವರು ನೀಲಾಳನ್ನೂ ಬಿಡಲಿಲ್ಲ, ಅವನ್ನು ಬರೆಯಲಾರೆ. ಊರಿಂದ ಫೋನುಗಳು ಬಂದವು. ಭಾವ ಅಂಗಡಿಯಲ್ಲಿ ಗಿರಾಕಿಗಳ ಮುಖ ನೋಡದೆ ಬಟ್ಟೆ ಅಳೆದರು. ನೀಲಾ ಫೋನು ಎತ್ತುವುದನ್ನು ನಿಲ್ಲಿಸಿದಳು. "ಠೀಕ್ ಹೂಂ", ಚೆನ್ನಾಗಿದ್ದೇನೆ ಎಂಬ ಒಂದೇ ಮೆಸೇಜು ನನಗೆ ಬರುತ್ತಿತ್ತು, ದಿನ ಬಿಟ್ಟು ದಿನ.

ಅಕ್ಕ ಆ ವಿಡಿಯೊವನ್ನು ದಿನಾ ನೋಡುತ್ತಿದ್ದಳು. ನನಗೆ ಹೆದರಿಕೆಯಾಗಿ ಒಂದು ಸಂಜೆ ಹೋದೆ. "ಬ್ಯಾಡಕ್ಕಾ, ಆ ಕಾಮೆಂಟು ಓದಬ್ಯಾಡ."

"ಅದನ್ನ ಯಾರ ಓದ್ತಾರ?" ಅಂದಳು. "ಆ ನೆಗ್ಗಿದ ಡಬ್ಬಿ ಮುಂದ ಇಟ್ಟೀನಿ ನೋಡು, ಊರ ಮಂದಿ ಎಲ್ಲಾ ನೋಡೂಹಂಗ." ಆಮೇಲೆ ವಿಡಿಯೊವನ್ನು ಹಿಂದಕ್ಕೆ ಎಳೆದು ಒಂದು ಕಡೆ ನಿಲ್ಲಿಸಿದಳು. ಮೊದಲಲ್ಲಿ, ಕೆಲವೇ ಸೆಕೆಂಡು, ನೀಲಾ ಬಾಲ್ಕನಿಯಲ್ಲಿ ಯಾವುದಕ್ಕೋ ನಗುತ್ತಾ ತಿರುಗುತ್ತಾಳೆ. ಅಕ್ಕ ಬೆರಳಿನಿಂದ ತೆರೆಯನ್ನು ಒರೆಸಿದಳು. "ಇಷ್ಟುದ್ದ ಕೂದಲ ಯಾವಾಗ ಬಂತು ಇಕಿಗೆ? ಮನ್ಯಾಗ ಇದ್ದಾಗ ಕಟಕೊಂಡೇ ಇರ್ತಿದ್ಲು. ಜಡಿ ನೋಡು, ಒಂದ್ ಕಡೆ ಸಡ್ಲ ಆಗೈತಿ. ತಾನ ಹಾಕ್ಕೊಂಡಾಳ. ಹಿಂದ ಕೈ ನಿಲುಕಂಗಿಲ್ಲ ಪಾಪ."

ಲೋಕವೆಲ್ಲ ಒಪ್ಪದ ತಾಯಿಯನ್ನು ನೋಡುತ್ತಿದ್ದ ಅದೇ ವಿಡಿಯೊದಲ್ಲಿ ಅವಳು ಮಗಳ ಜಡೆ ನೋಡುತ್ತಿದ್ದಳು.

ನವರಾತ್ರಿಯ ಶುಕ್ರವಾರದ ಹಿಂದಿನ ದಿನ ಅಕ್ಕನ ಫೋನು ಬಂತು. "ನಾಳೆ ಖಣ ತಗೊಂಡು ಬಾ. ಅಕಿ ಥಾಣೆಗೆ ಬರ್ತೀನಿ ಅಂದಾಳ." ಅಕ್ಕನೇ ಅವಳಿಗೆ ಮೆಸೇಜು ಮಾಡಿದ್ದಳಂತೆ. ಏನು ಬರೆದೆ ಎಂದು ಕೇಳಿದರೆ ಇಬ್ಬರೂ ಇವತ್ತಿಗೂ ಹೇಳುವುದಿಲ್ಲ.

ಕಲ್ಯಾಣಕ್ಕೆ, ಭಾವನ ಅಂಗಡಿಗೆ ಹೋದೆ. ಸೋದರಮಾವನ ಖಣ ಬೇಕು ಅಂದೆ. ಭಾವ ಯಾರಿಗೆ ಎಂದು ಕೇಳಲಿಲ್ಲ. ನಾನು ಒಂದು ಹಸಿರು ಖಣವನ್ನು ಮುಟ್ಟಿದೆ. ಅವರು ಅದನ್ನು ನನ್ನ ಕೈಯಿಂದ ತೆಗೆದಿಟ್ಟು, ಮೇಲಿನ ಕಪಾಟಿನಿಂದ ಒಂದು ಕಟ್ಟು ಇಳಿಸಿದರು. ಗಂಜಿಯ ವಾಸನೆ, ಹೊಸ ನೂಲಿನ ವಾಸನೆ. ಕಡು ನೀಲಿ, ಕೆಂಪು ಅಂಚು. ಉಡಿಯ ಖಣವನ್ನು ಮೂರು ಮೂಲೆಯಾಗಿ ಮಡಚಬೇಕು. ಜೀವನವಿಡೀ ಕಣ್ಣುಮುಚ್ಚಿ ಮಡಚಿದ ಕೈ ಅದು. ಅವತ್ತು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಮೂಲೆ ಕೂಡಲೊಲ್ಲದು.

"ಅವ್ವಿಗೆ ನೀಲಿ ಒಪ್ಪತೈತಿ," ಅಂದರು, ಖಣಕ್ಕೆ ಹೇಳಿದ ಹಾಗೆ.

ನಮ್ಮ ಕಡೆ ತಾಯಿಯ ಹೆಸರಿನ ಮಗಳನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅವ್ವಿ ಅನ್ನುತ್ತಾರೆ. ಅಂಗಡಿ ಬಿಟ್ಟು ಬರಲು ಅವರಿಗಾಗಲಿಲ್ಲ. ಆಗಲಿಲ್ಲವೋ, ಧೈರ್ಯ ಬರಲಿಲ್ಲವೋ.

ಶುಕ್ರವಾರ ಮಧ್ಯಾಹ್ನ ಥಾಣೆಯಲ್ಲಿ ಪನವೇಲ್ ಗಾಡಿ ನಿಲ್ಲುವ ಪ್ಲಾಟ್‌ಫಾರ್ಮಿನ ಮೇಲೆ ನೀಲಾ ನಿಂತಿದ್ದಳು. ಜೀನ್ಸು, ಕುರ್ತಾ, ಮಾಸ್ಕು. ಅಕ್ಕನ ಕೈಯಲ್ಲಿ ಎರಡು ಬಟ್ಟೆಚೀಲ. ತಾಯಿ ಮಗಳು ಗಾಡಿಯ ಸಮಯ ತೋರಿಸುವ ಇಂಡಿಕೇಟರ್ ನೋಡುತ್ತಾ ನಿಂತರು.

"ರೂಮಿಗೆ ಹೋಗೂನು ನಡಿ," ಅಂದಳು ಅಕ್ಕ.

"ಗೆಸ್ಟ್ ಅಲೌಡ್ ನಹೀ ಹೈ, ಮಮ್ಮಿ. ಮತ್ತೆ ನಾಲ್ಕಕ್ಕೆ ಕ್ಲಾಸಿದೆ. ತುಮ್ ಜಾವೋ, ಮೈ ಠೀಕ್ ಹೂಂ."

ಗಾಡಿ ಬಂತು. ನೀಲಾ ಅಭ್ಯಾಸದಂತೆ ಹಿಂದೆ ಸರಿದು ಎಲ್ಲರೂ ಹತ್ತಲೆಂದು ನಿಂತಳು. ಅಕ್ಕ ಅವಳ ಮಣಿಕಟ್ಟು ಹಿಡಿದು ಲೇಡೀಸ್ ಡಬ್ಬಿಗೆ ಮೊದಲು ಹತ್ತಿದಳು. ನನಗೆ ಬಾಗಿಲಿನಿಂದಲೇ, "ನೀ ಆ ಕಡೆ ಹೋಗು," ಅಂದಳು.

ಹಾಗಾಗಿ ಆ ಇಡೀ ಕಾಲದ ಮುಖ್ಯ ಸಂಗತಿಯನ್ನು ನಾನು ಪಕ್ಕದ ಡಬ್ಬಿಯಿಂದ, ನಡುವಿನ ಜಾಲರಿಯ ಕಿಂಡಿಗಳಿಂದ, ಜನರ ಹೆಗಲುಗಳ ಸಂದಿಯಿಂದ ನೋಡಿದೆ. ಕೇಳಿಸಿದ್ದು ಗಾಲಿಯ ಸದ್ದು. ಮಾತುಗಳನ್ನು ಆಮೇಲೆ ಇಬ್ಬರಿಂದಲೂ ಕೇಳಿ ಜೋಡಿಸಿದ್ದೇನೆ, ಅವು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ.

ಸೀಟಿನ ಮೇಲೆ ಅಕ್ಕ ಪೇಪರು ಹಾಸಿದಳು, ಮಣೆಯ ಬದಲು. ಮೊದಲು ನೀಲಾಳನ್ನು ತಿರುಗಿಸಿ ಕೂರಿಸಿ, ಚೀಲದಿಂದ ಬಾಚಣಿಗೆ ತೆಗೆದು ಜಡೆ ಹಾಕಿದಳು. ಇದು ನನಗೆ ಕಂಡಿತು. ಐರೋಲಿ ದಾಟಿತ್ತು. ಆಮೇಲೆ ಅಕ್ಕ ಎದ್ದುನಿಂತು ಡಬ್ಬಿಯ ಹೆಂಗಸರನ್ನೆಲ್ಲ ಮರಾಠಿಯಲ್ಲಿ ಕೇಳಿದಳಂತೆ, ಪೂರ್ವ ಯಾವ ಕಡೆ? ಅಲ್ಲಿ ಗಲಾಟೆಯೇ ಎದ್ದಿತು. ಗುಡ್ಡ ಇರುವ ಕಡೆ ಪೂರ್ವ ಅಂದಳು ಒಬ್ಬಳು. ಖಾಡಿ, ಅಂದರೆ ಸಮುದ್ರದ ಹಿನ್ನೀರು, ಪಶ್ಚಿಮಕ್ಕೆ, ಅದಕ್ಕೆ ಬೆನ್ನು ಮಾಡಿದರೆ ಆಯಿತು ಅಂದಳು ಇನ್ನೊಬ್ಬಳು. ಗಾಡಿ ತಿರುಗಿದರೆ ಪೂರ್ವವೂ ತಿರುಗುತ್ತದಲ್ಲ ಎಂದು ಮೂರನೆಯವಳು. ಕೊನೆಗೆ ಒಬ್ಬ ಹುಡುಗಿ ಫೋನಿನಲ್ಲಿ ದಿಕ್ಕು ನೋಡಿ ಹೇಳಿದಳು. ಅದೇ ಹುಡುಗಿ ಆಮೇಲೆ ಅದೇ ಫೋನನ್ನು ಮೇಲೆತ್ತಿದಾಗ ಅಕ್ಕ, "ಬಾಳಾ, ತೇ ಆತ್ ಠೇವ್," ಅಂದಳು. ಒಳಗಿಡು ಮಗಾ ಎಂದು. ಹುಡುಗಿ ಒಳಗಿಟ್ಟಳು.

ಒಬ್ಬ ಮುದುಕಿ ಕೇಳಿದಳು: "ಕಾಯ್ ಗ, ಲಗ್ನ ಠರ್ಲ ಕಾ?" ಮದುವೆ ಗೊತ್ತಾಯಿತೇನು ಎಂದು.

ಆಗ ಡಬ್ಬಿಯಲ್ಲಿ ಎಲ್ಲರೂ ನೀಲಾಳನ್ನು ನೋಡಿದರಂತೆ. ನೀಲಾ ಹೇಳುತ್ತಾಳೆ, ಆ ನೋಟಕ್ಕೆ ಅವಳ ಕೈ ಮಾಸ್ಕಿನ ಕಡೆ ಹೋಯಿತು. ಅಕ್ಕನ ಪ್ರಕಾರ ಯಾರೂ ಹಾಗೆ ನೋಡಲೇ ಇಲ್ಲ. ಉತ್ತರದ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ.

"ನಾಹೀ," ಅಂದಳು ಅಕ್ಕ. "ಮಾಝೀ ಮುಲ್ಗೀ ಆಹೆ. ಪಹಿಲೀ ಓಟೀ. ಉಶೀರ್ ಝಾಲಾ." ನನ್ನ ಮಗಳು. ಮೊದಲ ಉಡಿ. ತಡವಾಯಿತು.

"ಹೋತೋ ಉಶೀರ್," ತಡವಾಗುತ್ತದೆ ಬಿಡು ಅಂದಳು ಮುದುಕಿ, ಮತ್ತು ಕಾಲು ಮಡಚಿ ಜಾಗ ಮಾಡಿದಳು.

ಆದರೆ ಕುರ್ತಾಕ್ಕೆ ಸೆರಗೆಲ್ಲಿದೆ? ಅಕ್ಕ ಎಲ್ಲವನ್ನೂ ನೆನಪಿಟ್ಟು ತಂದಿದ್ದಳು, ಐದು ಹಿಡಿ ಅಕ್ಕಿ, ಕಾಯಿ, ಐದು ಎಲೆ, ಅಡಿಕೆ, ನನ್ನ ಖಣ. ಉಡಿ ಹಿಡಿಯಲು ಬಟ್ಟೆ ಮರೆತಿದ್ದಳು. ಎದುರು ಕೂತಿದ್ದ, ಆಫೀಸಿನ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡಿದ್ದ ಒಬ್ಬ ಹೆಂಗಸು ತನ್ನ ದುಪಟ್ಟಾ ತೆಗೆದು ನೀಲಾಳ ಹೆಗಲಿಗೆ ಹಾಕಿದಳು. ಉಡಿ ತುಂಬಿತು. ಘಣಸೋಲಿ ಬಂತು, ಆ ಹೆಂಗಸು ಇಳಿಯಬೇಕಾಗಿತ್ತು. ತುಂಬಿದ ಉಡಿಯನ್ನು ಸುರಿಯುವ ಹಾಗಿಲ್ಲ ಎಂಬುದು ಅವಳಿಗೂ ಗೊತ್ತಿರಬೇಕು. ದುಪಟ್ಟಾ ಕಡೆಗೊಮ್ಮೆ ನೋಡಿ, "ರಾಹೂ ದೇ," ಇರಲಿ ಬಿಡು ಅಂದು, ಖಾಲಿ ಹೆಗಲಲ್ಲಿ ಇಳಿದು ಹೋದಳು. ಅಕ್ಕ ಅದರ ಬಣ್ಣ ಹಳದಿ ಅನ್ನುತ್ತಾಳೆ, ನಾನು ಕೇಸರಿ ಅಂದುಕೊಂಡಿದ್ದೇನೆ. ಅದು ಈಗ ನೀಲಾಳ ರೂಮಿನ ಮೊಳೆಗೆ ತೂಗುತ್ತಿದೆಯಂತೆ. ಕೇಳಿದರೆ ಒಂದು ಮೆಸೇಜಿನಲ್ಲಿ ಗೊತ್ತಾಗುತ್ತದೆ. ಕೇಳಿಲ್ಲ.

ಆ ಅಕ್ಕಿಯನ್ನು ಅವಳು ಅಂದೇ ಪಿಜಿಯ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಬೇಯಿಸಿದಳು. ಹೆಚ್ಚು ನೀರಾಗಿ ಮುದ್ದೆಯಾಯಿತಂತೆ. ಈಗ ಡೊಂಬಿವಲಿಗೆ ಬಂದಾಗಲೆಲ್ಲ ಅಕ್ಕ ಉಡಿ ತುಂಬಿಯೇ ಕಳಿಸುತ್ತಾಳೆ, "ಮಮ್ಮಿ, ಕಿತ್ನಾ ಚಾವಲ್ ಖಾವೂಂ!" ಎಷ್ಟು ಅನ್ನ ತಿನ್ನಲಿ ಎಂದು ನೀಲಾ ಬಾಗಿಲಲ್ಲಿ ಜಗಳ ತೆಗೆಯುತ್ತಾಳೆ. ಭಾವ ಒಳಗಿನಿಂದ, "ಅವ್ವೀ, ಗಾಡಿ ತಪ್ಪತೈತಿ ನೋಡು," ಅನ್ನುತ್ತಾರೆ. ವಿಡಿಯೊದ ಕೆಳಗೆ ಈಗಲೂ ಯಾರೋ ಬರೆಯುತ್ತಾರೆ, ಆ ತಾಯಿ ಕೊನೆಗಾದರೂ ಒಪ್ಪಿದಳೇ ಎಂದು. ಉತ್ತರ ಬರೆಯಲು ಒಂದೆರಡು ಸಲ ಕೂತೆ. ಬರೆದದ್ದು ವಿಡಿಯೊದ ಹಾಗೆಯೇ ಕಾಣಿಸಿತು, ಅಳಿಸಿದೆ.

ನಾನೇ ನೋಡಿದ್ದು ಇಷ್ಟು. ಖಾರಘರದಲ್ಲಿ ಇಳಿಯಬೇಕಾದವರು ಬೇಲಾಪುರದಲ್ಲೇ ಎದ್ದು ಬಾಗಿಲಿಗೆ ಬರುತ್ತಾರೆ. ತಾಯಿ ಮಗಳೂ ಎದ್ದು ಬಂದರು. ಅಷ್ಟರಲ್ಲಿ ಡಬ್ಬಿ ತುಂಬಿತ್ತು. ನೀಲಾ ಬಾಗಿಲ ಕಂಬ ಹಿಡಿಯಲು ಹೋದಳು, ಆಗಲಿಲ್ಲ. ಎರಡೂ ಕೈಯಲ್ಲಿ ಉಡಿ. ಗಾಡಿ ಜೋರಾಗಿ ಎಳೆಯಿತು, ಅವಳು ವಾಲಿದಳು. ಅಕ್ಕ ಹಿಂದಿನಿಂದ ಅವಳ ನಡುವನ್ನು ಒಂದು ತೋಳಿನಲ್ಲಿ ಸುತ್ತಿ, ಇನ್ನೊಂದು ಕೈಯಿಂದ ಮೇಲಿನ ಹಿಡಿಕೆ ಹಿಡಿದಳು. ಮಾಸ್ಕು ಕೊರಳಿಗೆ ಜಾರಿತ್ತು. ಅದನ್ನು ಏರಿಸಿಕೊಳ್ಳಲು ನೀಲಾಳಿಗೆ ಕೈ ಇರಲಿಲ್ಲ. ಹೊರಗೆ ಬಿಸಿಲಿತ್ತು, ಗುಡ್ಡ ಕಾಣುತ್ತಿತ್ತು. ಸ್ಟೇಷನ್ ಬರುವವರೆಗೂ ಅಕ್ಕ ಆ ತೋಳನ್ನು ಸಡಿಲ ಮಾಡಲಿಲ್ಲ.